ಸ್ಮಾರ್ಟ್ ಮೀಟರ್ ಮನೆಗೆ ಬರುವ ಮುನ್ನ ಒಂದಿಷ್ಟು ಕಿವಿಮಾತು

ಹಾಲಿನ ಬೂತಿನಲ್ಲಿ, ದೇವಸ್ಥಾನದ ಜಗುಲಿಯಲ್ಲಿ ಈಗ ಇದೇ ಮಾತು: ಸ್ಮಾರ್ಟ್ ಮೀಟರ್ ಹಾಕಿಸಿಕೊಳ್ಳಬೇಕಾ, ಬೇಡವಾ? ಹೊಸ ಮನೆ ಕಟ್ಟಿಸಿದವರು ಅದಕ್ಕೆ ದುಡ್ಡು ಹೊಂದಿಸಲು ಒದ್ದಾಡುತ್ತಿದ್ದಾರೆ. ಹಳೆ ಮನೆಯವರು ನಮ್ಮ ಬಾಗಿಲಿಗೆ ಯಾವಾಗ ಬರುತ್ತಾರೋ ಎಂದು ಭಯಪಡುತ್ತಿದ್ದಾರೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಮೀಟರಿಗೆ ಹೆದರಬೇಡಿ, ಆದರೆ ಕಣ್ಣು ಮುಚ್ಚಿಕೊಂಡು ಸಹಿಯನ್ನೂ ಹಾಕಬೇಡಿ. ಅದು ಅಳೆಯುವ ತಕ್ಕಡಿ, ಅಷ್ಟೆ. ತರಕಾರಿಯವನು ಹೊಸ ತಕ್ಕಡಿ ತಂದರೆ ಬದನೆಕಾಯಿ ಅಗ್ಗವೂ ಆಗುವುದಿಲ್ಲ, ತುಟ್ಟಿಯೂ ಆಗುವುದಿಲ್ಲ. ಎಷ್ಟು ತೂಗಿತು ಎಂದು ನಾವು ನಿಂತು ನೋಡಬೇಕು. ನೋಡುವುದನ್ನೇ ಮರೆಯುತ್ತೇವಲ್ಲ, ಅದಕ್ಕೆ ಈ ನಾಲ್ಕು ಮಾತು.

• ನಿಮಗೆ ಅದು ಕಡ್ಡಾಯವೋ ಅಲ್ಲವೋ ಮೊದಲು ತಿಳಿದುಕೊಳ್ಳಿ. ಬೆಸ್ಕಾಂ 2025ರ ಫೆಬ್ರುವರಿ 15ರಿಂದ ಹೊಸ ಸಂಪರ್ಕಗಳಿಗೆ ಸ್ಮಾರ್ಟ್ ಮೀಟರ್ ಕಡ್ಡಾಯ ಮಾಡಿತು. ರಾಜ್ಯದ ಉಳಿದ ವಿದ್ಯುತ್ ಸರಬರಾಜು ಕಂಪನಿಗಳಿಗೂ ಅದೇ ವರ್ಷ ಬಂತು. ಆಗ ಕಡ್ಡಾಯ ಎಂದದ್ದು ಹೊಸ ಸಂಪರ್ಕಕ್ಕೆ ಮತ್ತು ತಾತ್ಕಾಲಿಕ ಸಂಪರ್ಕಕ್ಕೆ. ಮೊದಲೇ ಮೀಟರ್ ಇದ್ದವರ ಇಷ್ಟಕ್ಕೆ ಬಿಟ್ಟಿದ್ದರು. ಯಾರಾದರೂ ಬಂದು ‘ಎಲ್ಲರೂ ಹಾಕಿಸಲೇಬೇಕು, ಇವತ್ತೇ ದುಡ್ಡು ಕಟ್ಟಿ’ ಎಂದರೆ ‘ಆದೇಶದ ಪ್ರತಿ ತೋರಿಸಪ್ಪ’ ಎಂದು ಕೇಳಿ. ಕೇಳುವುದಕ್ಕೆ ಸಂಕೋಚ ಬೇಡ.

• ಹಳೆ ಮೀಟರ್ ಸರಿಯಾಗಿ ಓಡುತ್ತಿದ್ದರೆ ಆತುರಪಡಬೇಡಿ. ಪಕ್ಕದ ಮನೆಯವರು ಹಾಕಿಸಿದರು ಎಂದು ನೀವೂ ಓಡಬೇಕಾಗಿಲ್ಲ. ಆ ದುಡ್ಡಿನಲ್ಲಿ ಮನೆಯ ಹಳೆ ವೈರಿಂಗ್ ತೋರಿಸಿ, ಅದು ಹೆಚ್ಚು ಉಪಯೋಗ.

• ಹೊಸ ಮನೆಯವರು ಮೀಟರಿನ ಬೆಲೆಯನ್ನು ಬಜೆಟ್ಟಿನಲ್ಲಿ ಮೊದಲೇ ಸೇರಿಸಿಕೊಳ್ಳಿ. ಮೊದಲು ಸಿಂಗಲ್ ಫೇಸ್ ಮೀಟರ್ ಸಾವಿರ ರೂಪಾಯಿಯ ಒಳಗೆ ಸಿಗುತ್ತಿತ್ತು. ಸ್ಮಾರ್ಟ್ ಬಂದಾಗ ಅದು 5,000ದ ಹತ್ತಿರ ಹೋಯಿತು. ತ್ರೀ ಫೇಸ್ ಆದರೆ 28,000ದ ಆಸುಪಾಸು. ಈ ಬೆಲೆಯ ಮೇಲೆ ಗಲಾಟೆ ಎದ್ದು, ವಿಷಯ ಹೈಕೋರ್ಟಿನ ಮೆಟ್ಟಿಲನ್ನೂ ಹತ್ತಿತು. ಕೂಲಿ ಮಾಡಿ ಒಂದು ಕೋಣೆ ಕಟ್ಟಿಕೊಂಡವರಿಗೆ ಐದು ಸಾವಿರ ಸಣ್ಣ ದುಡ್ಡಲ್ಲ. ಈ ಭಾರವನ್ನು ಬಡವರ ಹೆಗಲಿಗೆ ಒಂದೇ ಸಲ ಹೊರಿಸಿದ್ದು ಸರಿಯಲ್ಲ ಎಂದೇ ನಾನು ಹೇಳುವುದು. ವಿದ್ಯುತ್ ವಿತರಣೆ ಸುಧಾರಿಸಲೆಂದು ಕೇಂದ್ರ ತಂದ ಆರ್‌ಡಿಎಸ್‌ಎಸ್ ಯೋಜನೆಗೆ ಸೇರಿದ ರಾಜ್ಯಗಳಲ್ಲಿ ಪ್ರತಿ ಮೀಟರಿಗೆ 900 ರೂಪಾಯಿವರೆಗೆ ನೆರವಿದೆ, ಉಳಿದದ್ದನ್ನು ವರ್ಷಗಟ್ಟಲೆ ಹಂಚಿಕೊಳ್ಳುವ ವ್ಯವಸ್ಥೆ ಇದೆ. ನಮ್ಮಲ್ಲಿ ಗಿರಾಕಿಯೇ ಕೈಯಿಂದ ಕೊಟ್ಟು ಕೊಳ್ಳಬೇಕಾಯಿತು.

• ಎಲೆಕ್ಟ್ರಿಕಲ್ ಗುತ್ತಿಗೆದಾರರು ‘ಎಲ್ಲ ಸೇರಿ ಇಷ್ಟು’ ಎಂದು ಒಟ್ಟು ಮೊತ್ತ ಹೇಳುತ್ತಾರೆ. ಒಪ್ಪಬೇಡಿ. ಮೀಟರಿನ ಬೆಲೆ ಬೇರೆ, ಠೇವಣಿ ಬೇರೆ, ಅರ್ಜಿ ಶುಲ್ಕ ಬೇರೆ, ಅವರ ಕೂಲಿ ಬೇರೆ ಎಂದು ಬರೆಸಿಕೊಳ್ಳಿ. ಒಟ್ಟಿಗೆ ಕಟ್ಟಿದರೆ ಎಲ್ಲಿ ಎಷ್ಟು ಹೋಯಿತು ಎಂದು ಗೊತ್ತಾಗುವುದೇ ಇಲ್ಲ.

• ಮೀಟರ್ ಕೊಂಡ ರಸೀದಿ, ಗ್ಯಾರಂಟಿ ಕಾಗದ, ಅಳವಡಿಸಿದ ದಿನದ ವರದಿ, ಮೂರನ್ನೂ ಮನೆಯ ಕ್ರಯಪತ್ರ ಇರುವ ಫೈಲಿನಲ್ಲೇ ಇಡಿ. ಅಡುಗೆಮನೆಯ ಡಬ್ಬದ ಮೇಲೆ ಇಟ್ಟ ಕಾಗದ ಬೇಕಾದಾಗ ಸಿಗುವುದಿಲ್ಲ.

• ಪ್ರೀಪೇಯ್ಡ್ ಬೇಕಾ, ಪೋಸ್ಟ್‌ಪೇಯ್ಡ್ ಬೇಕಾ ಎಂದು ಬಾಯಿಬಿಟ್ಟು ಕೇಳಿ. ಸ್ಮಾರ್ಟ್ ಮೀಟರ್ ಎಂದರೆ ಮೊಬೈಲಿನ ಹಾಗೆ ಮೊದಲೇ ರೀಚಾರ್ಜ್ ಮಾಡಲೇಬೇಕು ಎಂದು ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. ಅದೇ ಮೀಟರನ್ನು ತಿಂಗಳ ಕೊನೆಗೆ ಬಿಲ್ ಬರುವಂತೆಯೂ ಇಡಬಹುದು. ನಮ್ಮ ರಾಜ್ಯದಲ್ಲಿ ಕಾಯಂ ಸಂಪರ್ಕಗಳಿಗೆ ಪೋಸ್ಟ್‌ಪೇಯ್ಡ್ ಅವಕಾಶ ಕೊಟ್ಟಿದ್ದಾರೆ.

• ವಯಸ್ಸಾದವರು ಇಬ್ಬರೇ ಇರುವ ಮನೆಗೆ ಪೋಸ್ಟ್‌ಪೇಯ್ಡನ್ನೇ ಇಡಿಸಿ. ಆಕ್ಸಿಜನ್ ಯಂತ್ರ ಇರುವ ಮನೆಗೆ, ಫ್ರಿಜ್ಜಿನಲ್ಲಿ ಇನ್ಸುಲಿನ್ ಇಟ್ಟುಕೊಂಡಿರುವ ಮನೆಗೆ ಇದನ್ನು ಇನ್ನಷ್ಟು ಒತ್ತಿ ಹೇಳುತ್ತೇನೆ. ಮಗ ದೂರದ ಊರಿನಿಂದ ರೀಚಾರ್ಜ್ ಮಾಡುತ್ತೇನೆ ಎನ್ನುತ್ತಾನೆ, ಪ್ರೀತಿಯಿಂದಲೇ ಎನ್ನುತ್ತಾನೆ. ಆದರೆ ಮೀಟಿಂಗು, ಪ್ರಯಾಣ, ಸತ್ತ ಫೋನು ಎಂದು ಒಂದು ದಿನ ಮರೆಯುತ್ತದೆ. ಮರೆತ ದಿನವೇ ಕತ್ತಲಾಗುತ್ತದೆ.

• ಪ್ರೀಪೇಯ್ಡ್ ಒಪ್ಪಿದರೆ ಠೇವಣಿಯ ಮಾತು ಎತ್ತಿ. 2003ರ ವಿದ್ಯುಚ್ಛಕ್ತಿ ಕಾಯ್ದೆಯ 47ನೇ ಕಲಮಿನ ಪ್ರಕಾರ ಪ್ರೀಪೇಯ್ಡ್ ಮೀಟರ್ ತೆಗೆದುಕೊಳ್ಳುವವರಿಂದ ಭದ್ರತಾ ಠೇವಣಿ ಕೇಳುವಂತಿಲ್ಲ. ಮುಂಚೆ ಕಟ್ಟಿದ್ದರೆ ಅದನ್ನು ಹೇಗೆ ಹೊಂದಿಸುತ್ತೀರಿ ಎಂದು ಬರಹದಲ್ಲಿ ಕೇಳಿ. ಪೋಸ್ಟ್‌ಪೇಯ್ಡಿನವರ ಠೇವಣಿಗೆ ಬಡ್ಡಿ ಬರಬೇಕು, ಅದೂ ಅದೇ ಕಲಮಿನಲ್ಲಿದೆ. ವರ್ಷಕ್ಕೊಮ್ಮೆ ಬಿಲ್ಲಿನಲ್ಲಿ ಬಡ್ಡಿ ಜಮಾ ಆಯಿತೇ ಎಂದು ಹುಡುಕಿ ನೋಡಿ. ಸಣ್ಣ ಮೊತ್ತ, ಆದರೆ ನಿಮ್ಮದು.

• ಮನೆ ಕಟ್ಟುವಾಗ ತೆಗೆದುಕೊಳ್ಳುವ ತಾತ್ಕಾಲಿಕ ಸಂಪರ್ಕ ಪ್ರೀಪೇಯ್ಡ್. ಮೋಲ್ಡ್ ಹಾಕುವ ಹಿಂದಿನ ಸಂಜೆ ಬ್ಯಾಲೆನ್ಸ್ ನೋಡಿ ತುಂಬಿಸಿಡಿ. ಮಿಕ್ಸರ್ ತಿರುಗುತ್ತಿರುವಾಗ, ಇಪ್ಪತ್ತು ಆಳು ನಿಂತಿರುವಾಗ ಕರೆಂಟ್ ಹೋದರೆ ಒಂದು ದಿನದ ಕೂಲಿಯೂ ಹೋಯಿತು, ಕಲಸಿದ ಕಾಂಕ್ರೀಟೂ ಹೋಯಿತು. ಕ್ಯೂರಿಂಗ್ ನೀರಿನ ಮೋಟಾರೂ ಅದೇ ಮೀಟರಿನಲ್ಲಿ ಓಡುತ್ತದೆ ಎನ್ನುವುದು ನೆನಪಿರಲಿ.

ಇನ್ನು ಅಳವಡಿಸುವ ದಿನ. ಆ ದಿನ ಮನೆಯಲ್ಲಿ ತಿಳಿದವರೊಬ್ಬರು ಇರಿ. ಕೆಲಸದವಳ ಕೈಗೆ ಬೀಗ ಕೊಟ್ಟು ಆಫೀಸಿಗೆ ಹೋಗುವ ದಿನ ಅದಲ್ಲ.

• ಬಂದವರ ಗುರುತಿನ ಚೀಟಿ ನೋಡಿ. ಅನುಮಾನವಿದ್ದರೆ 1912ಕ್ಕೆ ಫೋನ್ ಮಾಡಿ, ಬಿಲ್ಲಿನಲ್ಲಿರುವ ಆರ್‌ಆರ್ ಸಂಖ್ಯೆ ಹೇಳಿ, ಯಾರನ್ನಾದರೂ ಕಳಿಸಿದ್ದೀರಾ ಎಂದು ವಿಚಾರಿಸಿ. ನಿಜವಾದ ನೌಕರರು ಇದಕ್ಕೆ ಕೋಪ ಮಾಡಿಕೊಳ್ಳುವುದಿಲ್ಲ.

• ಹಳೆ ಮೀಟರ್ ಬಿಚ್ಚುವ ಮೊದಲು ಅದರ ಕೊನೆಯ ಅಂಕಿಯ ಫೋಟೊ ತೆಗೆಯಿರಿ. ಮೀಟರಿನ ಕ್ರಮಸಂಖ್ಯೆಯೂ ಅದೇ ಫೋಟೊದಲ್ಲಿ ಕಾಣಲಿ. ಹೊಸ ಮೀಟರಿನ ಮೊದಲ ಅಂಕಿಗೂ ಹಾಗೇ ಮಾಡಿ. ಮುಂದೆ ಮೊದಲ ಬಿಲ್ ಹೆಚ್ಚು ಬಂದರೆ ಈ ಎರಡು ಫೋಟೊಗಳೇ ನಿಮ್ಮ ಸಾಕ್ಷಿ.

• ಖಾಲಿ ನಮೂನೆಗೆ ಸಹಿ ಹಾಕಬೇಡಿ. ‘ಆಮೇಲೆ ತುಂಬ್ಕೋತೀವಿ ಅಮ್ಮ’ ಎನ್ನುತ್ತಾರೆ. ‘ಈಗಲೇ ತುಂಬಿ, ನಾನು ಕಾಫಿ ತರ್ತೀನಿ’ ಎನ್ನಿ.

• ಮೊಬೈಲ್ ನಂಬರ್ ಯಾರದು ಕೊಡುತ್ತೀರಿ ಎಂದು ಯೋಚಿಸಿ ಕೊಡಿ. ಬಿಲ್ಲು, ನೋಟಿಸು, ಎಚ್ಚರಿಕೆ ಎಲ್ಲ ಆ ನಂಬರಿಗೇ ಬರುತ್ತವೆ. ಕಾಂಟ್ರಾಕ್ಟರನ ನಂಬರ್ ಹಾಗೇ ಉಳಿದುಬಿಟ್ಟರೆ ನಿಮಗೆ ಏನೂ ತಿಳಿಯುವುದಿಲ್ಲ.

• ವೈಫೈ ಪಾಸ್‌ವರ್ಡ್ ಕೇಳಿದರೆ ಕೊಡಬೇಡಿ. ಮೀಟರಿಗೆ ತನ್ನದೇ ಸಂಪರ್ಕ ಇರುತ್ತದೆ, ನಿಮ್ಮ ಇಂಟರ್ನೆಟ್ ಅದಕ್ಕೆ ಬೇಕಿಲ್ಲ.

• ಮೀಟರ್ ಬೋರ್ಡ್ ಮನೆಯ ಹೊರಗೆ, ಮಳೆಯ ಎರಚಲು ಬೀಳದ ಕಡೆ, ಕಣ್ಣಿನ ಎತ್ತರದಲ್ಲಿ ಇರಲಿ. ಅದರ ಕೆಳಗೆ ಚಪ್ಪಲಿ ಸ್ಟ್ಯಾಂಡ್, ಸೈಕಲ್, ಹಳೆ ಪೇಪರಿನ ಕಟ್ಟು ಇಡಬೇಡಿ. ಬೆಂಕಿ ಹತ್ತುವುದು ಅಂಥ ಕಡೆಯೇ. ಹಬ್ಬಕ್ಕೆ ಸುಣ್ಣ ಬಣ್ಣ ಮಾಡಿಸುವಾಗ ಮೀಟರಿಗೆ ಕಾಗದ ಮುಚ್ಚಿಸಿ, ಮುಗಿದ ಮೇಲೆ ತೆಗೆಸುವುದನ್ನು ಮರೆಯಬೇಡಿ. ಎಷ್ಟೋ ಮನೆಯಲ್ಲಿ ಆ ಕಾಗದ ಮುಂದಿನ ಹಬ್ಬದವರೆಗೂ ಅಲ್ಲೇ ಇರುತ್ತದೆ.

ಬಿಲ್ ಏಕೆ ಏರುತ್ತದೆ ಎನ್ನುವುದೇ ಎಲ್ಲರ ಸಂಕಟ. ಗುಜರಾತಿನ ವಡೋದರದಲ್ಲಿ 2024ರ ಮೇ ತಿಂಗಳಲ್ಲಿ ಜನ ಬೀದಿಗೆ ಬಂದಿದ್ದೂ ಇದೇ ಸಂಕಟಕ್ಕೆ. ಮೀಟರ್ ಜೋರಾಗಿ ಓಡುತ್ತದೆ ಎಂದು ದೂರಿದರು, ಕೊನೆಗೆ ಸರ್ಕಾರ ಹೊಸ ಮೀಟರಿನ ಪಕ್ಕದಲ್ಲಿ ಹಳೆಯದನ್ನೂ ಇಟ್ಟು ತಾಳೆ ನೋಡುವುದಕ್ಕೆ ಒಪ್ಪಿತು. ಜನರ ಅನುಮಾನ ಸುಳ್ಳು ಎಂದು ತಳ್ಳಿಹಾಕಬಾರದು, ತಾಳೆ ನೋಡಿ ತೋರಿಸಬೇಕು. ಅದೇ ಸರಿಯಾದ ದಾರಿ. ಆದರೆ ಮನೆಯೊಳಗೆ ನಾವು ನೋಡಿಕೊಳ್ಳಬೇಕಾದ್ದೂ ಸಾಕಷ್ಟಿದೆ.

• ಹಳೆ ಕಾಲದ ಚಕ್ರ ತಿರುಗುವ ಮೀಟರ್ ವಯಸ್ಸಾದ ಹಾಗೆ ನಿಧಾನವಾಗುತ್ತದೆ, ಸಣ್ಣಪುಟ್ಟ ಬಳಕೆಗೆ ಅಲುಗಾಡುವುದೇ ಇಲ್ಲ. ಹೊಸದು ಚಾರ್ಜರ್ ಎಳೆಯುವ ಕರೆಂಟನ್ನೂ ಬಿಡದೆ ಬರೆಯುತ್ತದೆ. ಆದ್ದರಿಂದ ಟಿವಿ, ಸೆಟ್‌ಟಾಪ್ ಬಾಕ್ಸನ್ನು ರಿಮೋಟಿನಲ್ಲಿ ಮಲಗಿಸಿ ಬಿಡಬೇಡಿ, ಗೋಡೆಯ ಸ್ವಿಚ್ ಆರಿಸಿ. 10 ವ್ಯಾಟ್ ಎಳೆಯುವ ಪೆಟ್ಟಿಗೆ ಹಗಲೂ ರಾತ್ರಿ ಉರಿದರೆ ತಿಂಗಳಿಗೆ 7 ಯೂನಿಟ್ ತಿನ್ನುತ್ತದೆ. ಯಾರೂ ನೋಡದ ಟಿವಿಗೆ 40 ರೂಪಾಯಿ ಏಕೆ ಕೊಡುತ್ತೀರಿ?

• ಒಂದು ಯೂನಿಟ್ ಎಂದರೆ ಏನು ಎಂದು ಮಕ್ಕಳಿಗೆ ಹೇಳಿಕೊಡಿ. ಸಾವಿರ ವ್ಯಾಟ್ ಒಂದು ಗಂಟೆ ಉರಿದರೆ ಒಂದು ಯೂನಿಟ್. 2,000 ವ್ಯಾಟಿನ ಗೀಸರ್ ಅರ್ಧ ಗಂಟೆಗೇ ಒಂದು ಯೂನಿಟ್ ಮುಗಿಸುತ್ತದೆ. ಸ್ನಾನಕ್ಕೆ ಹತ್ತು ನಿಮಿಷ ಮುಂಚೆ ಹಾಕಿ, ನೀರು ಕಾದ ಮೇಲೆ ಆರಿಸಿ. ಒಬ್ಬರ ಹಿಂದೆ ಒಬ್ಬರು ಸ್ನಾನ ಮುಗಿಸಿದರೆ ಮತ್ತೆ ಮತ್ತೆ ಕಾಯಿಸುವುದು ತಪ್ಪುತ್ತದೆ.

• ಹಳೆ ಫ್ಯಾನ್ 75 ವ್ಯಾಟ್ ಎಳೆಯುತ್ತದೆ, ಈಗಿನ ಬಿಎಲ್‌ಡಿಸಿ ಫ್ಯಾನಿಗೆ 30 ಸಾಕು. ದಿನಕ್ಕೆ ಹತ್ತು ಗಂಟೆ ತಿರುಗುವ ಕೋಣೆಯ ಫ್ಯಾನನ್ನು ಮೊದಲು ಬದಲಿಸಿ, ತಿಂಗಳಿಗೆ 13 ಯೂನಿಟ್ ಉಳಿಯುತ್ತದೆ. ಅತಿಥಿಗಳ ಕೋಣೆಯದು ಹಾಗೇ ಇರಲಿ.

• ಇದನ್ನು ಮಾತ್ರ ದಯವಿಟ್ಟು ಗಮನವಿಟ್ಟು ಓದಿ. ಫೇಸ್ ತಂತಿಯಲ್ಲಿ ಬಂದ ಕರೆಂಟ್ ನಿಮ್ಮದೇ ನ್ಯೂಟ್ರಲ್ ತಂತಿಯಲ್ಲಿ ವಾಪಸ್ಸು ಹೋಗಬೇಕು. ಹಳೆ ಚಕ್ರದ ಮೀಟರ್ ಫೇಸನ್ನು ಮಾತ್ರ ನೋಡುತ್ತಿತ್ತು. ಹೊಸದು ಎರಡನ್ನೂ ಅಳೆಯುತ್ತದೆ, ಎರಡರಲ್ಲಿ ವ್ಯತ್ಯಾಸ ಬಂದರೆ ಹೆಚ್ಚಿರುವುದನ್ನೇ ಲೆಕ್ಕಕ್ಕೆ ಹಿಡಿಯುತ್ತದೆ. ನಮ್ಮ ಹಳೆ ವಠಾರಗಳಲ್ಲಿ, ಮೇಲೊಂದು ಮಹಡಿ ಎಬ್ಬಿಸಿ ಬಾಡಿಗೆಗೆ ಕೊಟ್ಟ ಮನೆಗಳಲ್ಲಿ ಎರಡು ಮನೆಯ ನ್ಯೂಟ್ರಲ್ ಒಂದಕ್ಕೊಂದು ಸೇರಿಕೊಂಡಿರುತ್ತವೆ. ಆಗ ಮೇಲಿನವರ ಬಳಕೆ ಕೆಳಗಿನವರ ಮೀಟರಿನಲ್ಲೂ ಸೇರಿಬಿಡುತ್ತದೆ. ಯುಪಿಎಸ್ ಜೋಡಿಸುವಾಗಲೂ ಇದೇ ಅವಾಂತರ ಆಗುತ್ತದೆ. ಹೊಸ ಮೀಟರ್ ಬರುವ ಮುಂಚೆಯೇ ತಿಳಿದ ಎಲೆಕ್ಟ್ರಿಷಿಯನ್ ಕರೆಸಿ ನ್ಯೂಟ್ರಲ್‌ಗಳನ್ನು ಬೇರೆ ಮಾಡಿಸಿ. ಅರ್ಧ ದಿನದ ಕೂಲಿಗೆ ವರ್ಷಗಟ್ಟಲೆಯ ಜಗಳ ತಪ್ಪುತ್ತದೆ. ಮಾಲೀಕರಿಗೂ ಬಾಡಿಗೆಯವರಿಗೂ ಮನಸ್ತಾಪ ಹುಟ್ಟುವುದು ಇಂಥ ಕಾಣದ ತಂತಿಯಿಂದಲೇ.

• ಸೋರಿಕೆ ಇದೆಯೇ ಎಂದು ಮನೆಯಲ್ಲೇ ಪರೀಕ್ಷೆ ಮಾಡಿ. ಯುಪಿಎಸ್, ಫ್ರಿಜ್ಜು, ಎಲ್ಲ ಸ್ವಿಚ್ಚೂ ಆರಿಸಿ, ಮೀಟರಿನ ಮೇಲೆ ಮಿನುಗುವ ಸಣ್ಣ ಕೆಂಪು ದೀಪ ನೋಡಿ. ಮಿನುಗುವುದು ನಿಂತರೆ ನಿಶ್ಚಿಂತೆ. ಆಮೇಲೂ ಮಿನುಗುತ್ತಿದ್ದರೆ ಎಲ್ಲೋ ಕರೆಂಟ್ ಸೋರುತ್ತಿದೆ. ಅದು ದುಡ್ಡಿನ ನಷ್ಟ ಮಾತ್ರವಲ್ಲ, ಒದ್ದೆ ಕೈಯವರ ಪ್ರಾಣದ ಪ್ರಶ್ನೆ. ತಡ ಮಾಡದೆ ತೋರಿಸಿ.

• ಮೀಟರಿನ ಗುಂಡಿ ಒತ್ತಿ ಅಂಕಿಗಳನ್ನು ಓದುವುದು ಕಲಿಯಿರಿ. ಯೂನಿಟ್, ವೋಲ್ಟೇಜ್, ಗರಿಷ್ಠ ಬೇಡಿಕೆ ಎಲ್ಲ ಒಂದಾದ ಮೇಲೊಂದು ಬರುತ್ತವೆ. ಎಂಡಿ ಎಂದು ಬರುವುದೇ ಗರಿಷ್ಠ ಬೇಡಿಕೆ, ಅದರ ಮೇಲೆ ಕಣ್ಣಿಡಿ.

• ನಿಮ್ಮ ಮಂಜೂರಾದ ಲೋಡ್ ಎಷ್ಟು ಎಂದು ಬಿಲ್ಲಿನಲ್ಲಿ ನೋಡಿ. ಹೆಚ್ಚಿನವರಿಗೆ ಇದು ಗೊತ್ತೇ ಇರುವುದಿಲ್ಲ. 2025–26ರ ದರಪಟ್ಟಿಯಲ್ಲಿ ಮನೆಗಳಿಗೆ ಯೂನಿಟ್ಟಿಗೆ 5 ರೂಪಾಯಿ 80 ಪೈಸೆ, ಅದರ ಜೊತೆಗೆ ಮಂಜೂರಾದ ಪ್ರತಿ ಕಿಲೋವ್ಯಾಟಿಗೆ ತಿಂಗಳಿಗೆ 145 ರೂಪಾಯಿ ನಿಗದಿತ ಶುಲ್ಕ ಇತ್ತು. ಆ ಲೆಕ್ಕದಲ್ಲಿ 3 ಕಿಲೋವ್ಯಾಟ್ ಇದ್ದರೆ ದೀಪವನ್ನೇ ಹಚ್ಚದಿದ್ದರೂ 435 ರೂಪಾಯಿ. ಮಕ್ಕಳೆಲ್ಲ ಹೊರಗೆ ಹೋಗಿ ಮನೆಯಲ್ಲಿ ಇಬ್ಬರೇ ಉಳಿದಿದ್ದರೆ ಲೋಡ್ ಕಡಿಮೆ ಮಾಡಿಸಲು ಅರ್ಜಿ ಕೊಡಿ. ಪ್ರತಿ ತಿಂಗಳೂ ಸುಮ್ಮನೆ ಕಟ್ಟುವುದು ಬೇಡ.

• ಬೆಳಿಗ್ಗೆ ಗೀಸರ್, ಇಂಡಕ್ಷನ್ ಒಲೆ, ಇಸ್ತ್ರಿಪೆಟ್ಟಿಗೆ, ಸಂಪಿನ ಮೋಟಾರು ಎಲ್ಲವನ್ನೂ ಒಟ್ಟಿಗೆ ಓಡಿಸಬೇಡಿ. ಹೊಸ ಮೀಟರ್ ಹದಿನೈದು ಅಥವಾ ಮೂವತ್ತು ನಿಮಿಷದ ಸರಾಸರಿ ಹಿಡಿದು ತಿಂಗಳ ಅತಿ ಹೆಚ್ಚಿನ ಬೇಡಿಕೆಯನ್ನು ಬರೆದಿಡುತ್ತದೆ. ಮಂಜೂರಾತಿ ಮೀರಿದರೆ ನೋಟಿಸ್ ಬರುತ್ತದೆ. ಸಂಜೆಯೇ ಇಸ್ತ್ರಿ ಮಾಡಿಡಿ, ಮೋಟಾರನ್ನು ಸ್ನಾನಗಳು ಮುಗಿದ ಮೇಲೆ ಹಾಕಿ. ಅಷ್ಟರಲ್ಲೇ ಸರಿಹೋಗುತ್ತದೆ.

• ಮೀರಿದ ಕೂಡಲೇ ಗಾಬರಿಯೂ ಬೇಡ. 2023ರ ಜೂನ್‌ನಲ್ಲಿ ಕೇಂದ್ರ ತಿದ್ದಿದ ಗ್ರಾಹಕರ ಹಕ್ಕುಗಳ ನಿಯಮದಲ್ಲಿ ಎರಡು ಮಾತಿವೆ. ಸ್ಮಾರ್ಟ್ ಮೀಟರ್ ಹಾಕುವ ಮುಂಚಿನ ದಿನಗಳಿಗೆ ಅದರ ಬೇಡಿಕೆಯ ಅಂಕಿ ತೋರಿಸಿ ದಂಡ ಹಾಕುವಂತಿಲ್ಲ. ಒಂದು ಹಣಕಾಸು ವರ್ಷದಲ್ಲಿ ಕನಿಷ್ಠ ಮೂರು ಸಲ ಮೀರಿದರೆ ಮಾತ್ರ ಮಂಜೂರಾತಿಯನ್ನು ಏರಿಸಬೇಕು. ಮದುವೆ ಮನೆಯ ಒಂದು ತಿಂಗಳಿಗೆ ಹೆದರಿ ಲೋಡ್ ಏರಿಸಿಕೊಳ್ಳಬೇಡಿ.

• ರಾಜ್ಯದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿ ಪಡೆಯುವವರು ತಿಂಗಳ ನಡುವೆ ಒಂದು ಸಲ ಮೀಟರ್ ನೋಡಿ. ನಿಮ್ಮ ಸರಾಸರಿಯ ಮೇಲೆ ಲೆಕ್ಕ ಹಾಕಿ ಕೊಟ್ಟ ಮಿತಿಯವರೆಗೆ ಉಚಿತ, ಅದರ ಮೇಲೆ ಬಳಸಿದ್ದಕ್ಕೆ ದುಡ್ಡು. 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ನಿಮ್ಮದೇ. 195ರಲ್ಲಿ ನಿಲ್ಲಬಹುದಾಗಿದ್ದನ್ನು ಅಜಾಗರೂಕತೆಯಿಂದ 202 ಮಾಡಿಕೊಂಡರೆ ಸಾವಿರಕ್ಕೂ ಮೇಲೆ ಕೈಬಿಟ್ಟ ಹಾಗೆ. ಸ್ಮಾರ್ಟ್ ಮೀಟರ್ ಇದ್ದರೆ ಮೊಬೈಲಿನಲ್ಲೇ ನೋಡಬಹುದು, ಇದೊಂದು ಅದರ ನಿಜವಾದ ಅನುಕೂಲ. ಕೇಂದ್ರದ ನಿಯಮದ ಪ್ರಕಾರ ದಿನಕ್ಕೆ ಒಂದು ಸಲವಾದರೂ ದೂರದಿಂದ ರೀಡಿಂಗ್ ತೆಗೆದು ಗ್ರಾಹಕರಿಗೆ ತೋರಿಸಬೇಕು.

• ಬಾಗಿಲು ಹಾಕಿದೆ ಎಂದು ‘ಡೋರ್ ಲಾಕ್’ ಬಿಲ್ ಬಂದು, ಸರಾಸರಿ ಲೆಕ್ಕದಲ್ಲಿ ಕಟ್ಟಿ, ಮುಂದಿನ ತಿಂಗಳು ಅಲೆದಾಡಿದವರಿಗೆ ಹೊಸ ಮೀಟರ್ ನೆಮ್ಮದಿ ಕೊಡುತ್ತದೆ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆ, ಮೀಟರ್ ಒಳಗಡೆ ಇರುವ ಮನೆ ಇದ್ದರೆ ಹಾಕಿಸಿಕೊಳ್ಳುವುದನ್ನು ಯೋಚಿಸಿ.

• ಆದರೂ ತಿಂಗಳಿಗೊಮ್ಮೆ ಒಂದೇ ತಾರೀಖಿಗೆ ಮೀಟರಿನ ಫೋಟೊ ತೆಗೆದಿಡಿ. ಮಲೆನಾಡಿನ ಕಡೆ, ಕಾಡಂಚಿನ ಊರುಗಳಲ್ಲಿ ಫೋನಿಗೇ ಸಿಗ್ನಲ್ ಇರುವುದಿಲ್ಲ, ಮೀಟರಿಗೆ ಎಲ್ಲಿಂದ ಬರಬೇಕು? ಮೀಟರಿನ ಮುಖದ ಮೇಲಿರುವ ಅಂಕಿಯೇ ಕೊನೆಯ ಮಾತು. ಬಿಲ್ಲಿನ ತೆಳು ಕಾಗದದ ಅಕ್ಷರ ಆರು ತಿಂಗಳಿಗೆ ಮಾಸಿಹೋಗುತ್ತದೆ, ಅದರ ಫೋಟೊವನ್ನೂ ತೆಗೆಯಿರಿ.

• ನಮ್ಮ ಹಳ್ಳಿಗಳಲ್ಲಿ ರೀಡಿಂಗ್ ಬರೆಯಲು ಬರುವ ಗ್ರಾಮ ವಿದ್ಯುತ್ ಪ್ರತಿನಿಧಿಗಳನ್ನು ಮರೆಯಬೇಡಿ. ಬಿಸಿಲಲ್ಲಿ ಬಂದವರಿಗೆ ಮಜ್ಜಿಗೆ ಕೊಡಿ. ಜೋತುಬಿದ್ದ ತಂತಿ, ಬಾಗಿದ ಕಂಬ, ಸುಟ್ಟ ಫ್ಯೂಸು ಮೊದಲು ಕಾಣುವುದು ಅವರಿಗೇ. ಮೀಟರ್ ತಾನೇ ಲೆಕ್ಕ ಕಳಿಸುವ ಕಾಲಕ್ಕೆ ಇವರ ಕೆಲಸದ ಗತಿ ಏನು ಎಂದು ಸಭೆಗಳಲ್ಲಿ ಕೇಳಿ. ಇವರನ್ನು ಬೇರೆ ಕೆಲಸಕ್ಕೆ ಉಳಿಸಿಕೊಳ್ಳಲೇಬೇಕು.

• ಹೊತ್ತಿಗೊಂದು ದರ ಎನ್ನುವ ಮಾತು ಕಿವಿಗೆ ಬಿದ್ದಿರಬಹುದು. 2023ರ ಅದೇ ತಿದ್ದುಪಡಿಯ ಪ್ರಕಾರ ಬಿಸಿಲಿರುವ ಗಂಟೆಗಳಲ್ಲಿ ಕನಿಷ್ಠ ಶೇ 20 ಕಡಿಮೆ, ಬೇಡಿಕೆ ಹೆಚ್ಚಿರುವ ಗಂಟೆಗಳಲ್ಲಿ ಮನೆಗಳಿಗೆ ಕನಿಷ್ಠ ಶೇ 10 ಹೆಚ್ಚು ದರ ಇಡಬೇಕು. ನಮ್ಮ 2025ರ ದರಪಟ್ಟಿಯಲ್ಲಿ ಮನೆಗಳಿಗೆ ಇಡೀ ದಿನ ಒಂದೇ ದರ ಇತ್ತು. ಆದರೂ ಬಟ್ಟೆ ಒಗೆಯುವ ಯಂತ್ರ, ಗ್ರೈಂಡರು, ನೀರಿನ ಮೋಟಾರನ್ನು ಹಗಲು ಹೊತ್ತಿಗೆ ಮುಗಿಸುವ ಅಭ್ಯಾಸ ಈಗಿನಿಂದಲೇ ಮಾಡಿ. ಹೊತ್ತಿನ ದರ ಬಂದ ದಿನ ನಿಮಗೆ ಕಷ್ಟವಾಗುವುದಿಲ್ಲ. ಹಗಲೆಲ್ಲ ದುಡಿದು ಸಂಜೆ ಆರಕ್ಕೆ ಒಲೆ ಹಚ್ಚುವ ಹೆಣ್ಣುಮಕ್ಕಳು ಅಡುಗೆಯನ್ನು ಮಧ್ಯಾಹ್ನಕ್ಕೆ ಸರಿಸಲಾರರು. ದರ ಗೊತ್ತುಮಾಡುವವರು ಇದನ್ನು ನೆನಪಿಡಬೇಕು.

• ಮೀಟರ್ ತಪ್ಪು ತೋರಿಸುತ್ತಿದೆ ಅನ್ನಿಸಿದರೆ ಕಟ್ಟೆಯ ಮೇಲೆ ಕೂತು ಬೈಯಬೇಡಿ, ದೂರು ಬರೆದು ಕೊಡಿ. ಗ್ರಾಹಕರ ಹಕ್ಕುಗಳ ನಿಯಮದ 2024ರ ತಿದ್ದುಪಡಿಯ ಪ್ರಕಾರ ದೂರು ಸಿಕ್ಕ ಐದು ದಿನದೊಳಗೆ ಪಕ್ಕದಲ್ಲಿ ಇನ್ನೊಂದು ಮೀಟರ್ ಹಾಕಿ ಕನಿಷ್ಠ ಮೂರು ತಿಂಗಳು ತಾಳೆ ನೋಡಬೇಕು. ಇಂಥ ಹಕ್ಕು ಕೇಳಿದವರಿಗೆ ಮಾತ್ರ ಸಿಗುತ್ತದೆ. ಸ್ವೀಕೃತಿ ಸಂಖ್ಯೆ ತೆಗೆದುಕೊಳ್ಳದೆ ಕೌಂಟರ್ ಬಿಡಬೇಡಿ.

• ಸಬ್ ಡಿವಿಷನ್ನಿನಲ್ಲಿ ಕೆಲಸ ಆಗದಿದ್ದರೆ ಅಲ್ಲಿಗೇ ಸುಮ್ಮನಾಗಬೇಡಿ. ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ ಇದೆ, ಅದರ ಮೇಲೆ ವಿದ್ಯುತ್ ಓಂಬುಡ್ಸ್‌ಮನ್ ಇದ್ದಾರೆ. ಕೈಬರಹದ ಅರ್ಜಿ ಸಾಕು. ಫೋಟೊಗಳನ್ನು ಜೊತೆಗಿಡಿ. ಈಗ ಗೊತ್ತಾಯಿತಾ, ಅವನ್ನು ಯಾಕೆ ತೆಗೆಯಿರಿ ಎಂದೆ?

• ಈ ಮೀಟರಿನ ಕರೆಂಟನ್ನು ಆಫೀಸಿನಲ್ಲಿ ಕೂತೇ ಕಡಿಯಬಹುದು. ನಿಜ. 2020ರ ಆಗಸ್ಟಿನಲ್ಲಿ, ಕೃಷ್ಣ ಜನ್ಮಾಷ್ಟಮಿಯ ದಿನವೇ, ಉತ್ತರಪ್ರದೇಶದಲ್ಲಿ ಸ್ಮಾರ್ಟ್ ಮೀಟರ್ ಇದ್ದ ಒಂದು ಲಕ್ಷಕ್ಕೂ ಹೆಚ್ಚು ಮನೆಗಳಲ್ಲಿ ಒಮ್ಮೆಲೇ ಕತ್ತಲಾಯಿತು. ಬಿಲ್ ಕಟ್ಟಿದವರ ಮನೆಯಲ್ಲೂ ಆಯಿತು. ಹೀಗೂ ಆಗಬಹುದು ಎಂದು ಮನೆಯಲ್ಲಿ ಒಂದು ಚಾರ್ಜ್ ಮಾಡಿದ ದೀಪ, ಒಂದು ಮೇಣದಬತ್ತಿ, ಕೊಡ ನೀರು ಇರಲಿ. ಇನ್ನೊಂದು ತಿಳಿದಿರಲಿ: ಪೋಸ್ಟ್‌ಪೇಯ್ಡ್ ಇರುವವರು ಬಿಲ್ ಬಾಕಿ ಉಳಿಸಿಕೊಂಡರೂ ವಿದ್ಯುಚ್ಛಕ್ತಿ ಕಾಯ್ದೆಯ 56ನೇ ಕಲಮಿನಂತೆ ಹದಿನೈದು ದಿನದ ಲಿಖಿತ ನೋಟಿಸ್ ಕೊಡದೆ ಕಡಿಯುವಂತಿಲ್ಲ. ಗುಂಡಿ ಒತ್ತುವುದು ಸುಲಭವಾಯಿತು ಎಂದು ಕಾನೂನು ಬದಲಾಗಿಲ್ಲ.

• ‘ಇವತ್ತು ರಾತ್ರಿ 9.30ಕ್ಕೆ ನಿಮ್ಮ ಕರೆಂಟ್ ಕಟ್ ಆಗುತ್ತದೆ, ಈ ನಂಬರಿಗೆ ಫೋನ್ ಮಾಡಿ’ ಎಂದು ಮೆಸೇಜ್ ಬಂದರೆ ಅದು ಕಳ್ಳರದು. ಫೋನ್ ಮಾಡಬೇಡಿ, ಲಿಂಕ್ ಒತ್ತಬೇಡಿ, ಅವರು ಹೇಳಿದ ಆ್ಯಪ್ ಹಾಕಿಕೊಳ್ಳಬೇಡಿ. ಈ ಒಂದು ಮೆಸೇಜಿನಿಂದ ನಿವೃತ್ತರ ಉಳಿತಾಯವೆಲ್ಲ ಹೋಗಿದೆ. ಸ್ಮಾರ್ಟ್ ಮೀಟರ್ ಬಂದ ಮೇಲೆ ನಂಬುವವರು ಇನ್ನೂ ಹೆಚ್ಚುತ್ತಾರೆ, ಅದಕ್ಕೆ ಅಪ್ಪ ಅಮ್ಮನ ಹತ್ತಿರ ಕೂತು ಬಿಡಿಸಿ ಹೇಳಿ. ದುಡ್ಡು ಹೋಗಿಬಿಟ್ಟಿದ್ದರೆ ನಾಚಿಕೊಂಡು ಕೂರದೆ ಕೂಡಲೇ 1930ಕ್ಕೆ ಫೋನ್ ಮಾಡಿ. ಮೊದಲ ಗಂಟೆಗಳಲ್ಲಿ ಹೇಳಿದರೆ ದುಡ್ಡು ತಡೆಯುವ ಅವಕಾಶ ಇರುತ್ತದೆ.

• ಬಿಲ್ಲಿನ, ಆ್ಯಪಿನ ಚಿತ್ರವನ್ನು ಅಪಾರ್ಟ್‌ಮೆಂಟ್ ಗುಂಪಿಗೆ ಹಾಕಬೇಡಿ. ಗಂಟೆಗಂಟೆಯ ಬಳಕೆ ನೋಡಿದರೆ ನೀವು ಎಷ್ಟಕ್ಕೆ ಏಳುತ್ತೀರಿ, ಯಾವ ದಿನ ಊರಲ್ಲಿ ಇಲ್ಲ ಎಲ್ಲವೂ ಗೊತ್ತಾಗುತ್ತದೆ. ಬೀಗ ಹಾಕಿದ ಮನೆಯ ಸುದ್ದಿ ಬೇರೆಯವರಿಗೆ ಏಕೆ?

• ಮೀಟರ್ ನಿಧಾನ ಮಾಡಿಕೊಡುತ್ತೇನೆ ಎಂದು ಬರುವವನನ್ನು ಗೇಟಿನಿಂದಲೇ ಕಳಿಸಿ. ಮುಚ್ಚಳ ತೆಗೆದದ್ದು, ಅಯಸ್ಕಾಂತ ಹಿಡಿದದ್ದು ಎಲ್ಲ ಈ ಮೀಟರಿನಲ್ಲಿ ಹೊತ್ತು ಸಮೇತ ದಾಖಲಾಗುತ್ತದೆ. ಅವನು ದುಡ್ಡು ತೆಗೆದುಕೊಂಡು ಹೋಗುತ್ತಾನೆ, ಕೇಸು ನಿಮ್ಮ ಹೆಸರಿಗೆ ಬೀಳುತ್ತದೆ.

• ಬಾಡಿಗೆಗೆ ಕೊಡುವವರು ಒಳಬರುವ ದಿನ, ಖಾಲಿ ಮಾಡುವ ದಿನ ಇಬ್ಬರೂ ನಿಂತು ರೀಡಿಂಗ್ ಬರೆದುಕೊಳ್ಳಿ. ಮನೆ ಬಿಟ್ಟು ಹೋಗುವ ಬಾಡಿಗೆದಾರರು ಗೃಹಜ್ಯೋತಿಯನ್ನು ಆ ಆರ್‌ಆರ್ ಸಂಖ್ಯೆಯಿಂದ ಬಿಡಿಸಿಕೊಂಡು ಹೋಗಿ. ಹಿಂದಿನವರು ಮರೆತರೆ ಮುಂದಿನ ಸಂಸಾರ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ.

• ಚಾವಣಿಯ ಮೇಲೆ ಸೋಲಾರ್ ಹಾಕಿಸುವ ಯೋಚನೆ ಇದ್ದರೆ ಮೀಟರಿಗೆ ದುಡ್ಡು ಕೊಡುವ ಮೊದಲೇ ಹೇಳಿ. ಸೋಲಾರಿಗೆ ಎರಡೂ ಕಡೆ ಅಳೆಯುವ ಮೀಟರ್ ಬೇಕು. ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವ್ಯಾಟಿಗೆ 78,000 ರೂಪಾಯಿ ಸಹಾಯಧನವಿದೆ. ಈ ವರ್ಷ ಒಂದು ಮೀಟರು, ಮುಂದಿನ ವರ್ಷ ಇನ್ನೊಂದು ಎಂದು ಎರಡು ಸಲ ಖರ್ಚು ಮಾಡಿಕೊಳ್ಳಬೇಡಿ.

• ವಿದ್ಯುತ್ ದರವಾಗಲಿ, ಮೀಟರಿನ ನಿಯಮವಾಗಲಿ ನಿಗದಿಯಾಗುವುದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದಲ್ಲಿ, ಬೆಂಗಳೂರಿನ ವಸಂತನಗರದಲ್ಲಿ. ದರ ಬದಲಿಸುವ ಮುಂಚೆ ಪತ್ರಿಕೆಗಳಲ್ಲಿ ಪ್ರಕಟಣೆ ಕೊಟ್ಟು ಆಕ್ಷೇಪಣೆ ಕೇಳುತ್ತಾರೆ, ಸಾರ್ವಜನಿಕ ವಿಚಾರಣೆ ನಡೆಸುತ್ತಾರೆ. ಕಾರ್ಖಾನೆಯವರು, ಹೋಟೆಲಿನವರು ತಪ್ಪದೆ ಹೋಗುತ್ತಾರೆ, ಮನೆಯವರು ಹೋಗುವುದು ಕಡಿಮೆ. ಮುಂದಿನ ಪ್ರಕಟಣೆ ಬಂದಾಗ ಮೀಟರಿನ ಬೆಲೆಯನ್ನು ಕಂತಿನಲ್ಲಿ ಕಟ್ಟಲು ಬಿಡಿ, ಪೋಸ್ಟ್‌ಪೇಯ್ಡ್ ಆಯ್ಕೆ ತೆಗೆಯಬೇಡಿ ಎಂದು ಒಂದು ಪುಟ ಬರೆದು ಕಳಿಸಿ. ನಾಲ್ಕು ಮನೆಯವರು ಸೇರಿ ಸಹಿ ಹಾಕಿದರೆ ಇನ್ನೂ ಒಳ್ಳೆಯದು.